ಮೂರನೇ ನಂಬರಿನ ಸ್ಟಾಪ್‌ವಾಚ್

ತೆಲುಗು ನಾಡಿನ ಗಡಿಯಲ್ಲಿರುವ ಮಕ್ತಲದ ಕಡೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ನಾನು ಭೌತಶಾಸ್ತ್ರದ ಲ್ಯಾಬ್ ಅಟೆಂಡರ್ ಆಗಿದ್ದೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ತಪ್ಪು ಮಾಡಿದವನು ನಾನು, ಕಟ್ಟಡವಲ್ಲ. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ಅದೂ ಕನ್ನಡ ಮಾಧ್ಯಮದಲ್ಲಿ. ತೆಲುಗು ಕಲಿತದ್ದು ಅಂಗಡಿಯಲ್ಲಿ, ಬಸ್ಸಿನಲ್ಲಿ, ದಫ್ತರದಲ್ಲಿ. ನಮ್ಮ ಕಡೆ ಎಲ್ಲರೂ ಹಾಗೇ ಕಲಿಯುತ್ತಾರೆ.

ನಿವೃತ್ತಿಯಾದ ಮೇಲೆ ನಾರಾಯಣಪೇಟೆಯಲ್ಲಿ ಒಂದು ಕೋಣೆ ಹಿಡಿದು ಇದ್ದೇನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಾಗಲಿಲ್ಲ. ಈಚೆಗೆ ಇಲ್ಲೇ ಹತ್ತಿರದ ನಾರ್ವ ಎಂಬ ಊರಿನ ಒಬ್ಬ ಹೆಣ್ಣುಮಗಳು ನನ್ನ ಫೋನ್ ನಂಬರು ಹುಡುಕಿ ಮಾತಾಡಿದಳು. ಅವಳಿಗೆ ಹೊಸದಾಗಿ ಲ್ಯಾಬ್ ಅಟೆಂಡರ್ ಕೆಲಸ ಸಿಕ್ಕಿದೆ. "ಸಾಮಾನು ಹೆಂಗ ಇಡಬೇಕು, ಪರೀಕ್ಷಾದಾಗ ಏನೇನು ನೋಡಬೇಕು, ಸ್ವಲ್ಪ ಬರದು ಕೊಡ್ರಿ ಕಾಕಾ. ಇಲ್ಲಿ ಕೇಳಿದ್ರ ಎಲ್ಲಾರೂ ನಗ್ತಾರ" ಎಂದಳು.

ಬರೆಯಲು ಕುಳಿತೆ. ತೂಕದ ಕಲ್ಲು ಹೇಗೆ ಒರೆಸಬೇಕು, ಸ್ಕ್ರೂಗೇಜು ಏಕೆ ಪೂರ್ತಿ ಬಿಗಿದು ಇಡಬಾರದು ಎಂದು ಎರಡು ಪುಟ ಬರೆದೆ. ಮೂರನೆಯ ಪುಟಕ್ಕೆ ಕೈ ನಿಂತಿತು. ಪರೀಕ್ಷೆಯ ವಿಷಯ ಬರೆಯಬೇಕಿತ್ತು. ಪರೀಕ್ಷೆಯ ವಿಷಯ ಬರೆದರೆ ಅನ್ನಪೂರ್ಣಳ ವಿಷಯ ಬರೆಯಬೇಕು. ಒಬ್ಬ ಹುಡುಗಿ ಪರೀಕ್ಷಕರ ಮುಂದೆ ನಿಂತು ನಿಜ ಹೇಳಿದಳು. ಅವಳ ಮಾತನ್ನು ತೆಲುಗಿಗೆ ತಿರುಗಿಸಿ ಹೇಳಬೇಕಾದವನು ನಾನು. ನಾನು ಬೇರೆಯೇ ಹೇಳಿದೆ. ಅವಳು ಫೇಲಾದಳು. ಇದನ್ನು ಬಿಟ್ಟು ಉಳಿದದ್ದೆಲ್ಲ ಬರೆದುಕೊಟ್ಟರೆ ಆ ಹೊಸ ಮಗಳಿಗೆ ನಾನು ಮತ್ತೊಂದು ಸುಳ್ಳು ಕೊಟ್ಟ ಹಾಗೆ. ಆದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಎಂಥದು ಎಂದು ಹೇಳುತ್ತೇನೆ. ಅಟೆಂಡರ್ ಎಂದರೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇಲ್ಲದವನು, ಮಕ್ಕಳ ಬೆಂಚಿನಲ್ಲಿಯೂ ಜಾಗ ಇಲ್ಲದವನು. ಬೆಳಿಗ್ಗೆ ಬೀಗ ತೆಗೆದು, ಕಸ ಹೊಡೆದು, ಬೀರು ತೆಗೆದು ಸಾಮಾನು ಎಣಿಸಿ, ಮತ್ತೆ ಬೀರು ಮುಚ್ಚಿ ಸ್ಟೂಲಿನ ಮೇಲೆ ಕೂರುವುದು. ವರ್ಷದಲ್ಲಿ ಬಹಳ ದಿನ ಲ್ಯಾಬಿಗೆ ಯಾರೂ ಬರುತ್ತಿರಲಿಲ್ಲ. ಗಾಳಿ ಬಂದರೆ ನೇತುಹಾಕಿದ ಲೋಲಕದ ಗುಂಡುಗಳು ತಾವೇ ತೂಗುತ್ತಿದ್ದವು. ನಾನು ಎಣಿಸುತ್ತ ಕೂರುತ್ತಿದ್ದೆ. ಮಾತಾಡುವವರಿಲ್ಲದಾಗ ಎಣಿಕೆಯೂ ಒಂದು ಜೊತೆ.

ನನಗೆ ಕೆಲಸ ಕಲಿಸಿದವರು ನನಗಿಂತ ಮುಂಚೆ ಅಲ್ಲಿದ್ದ ಖಾಜಾ ಸಾಹೇಬರು. ಅವರು ನಿವೃತ್ತಿಯಾಗುವ ದಿನ ಒಂದು ನೋಟುಬುಕ್ಕು ಕೈಗಿಟ್ಟರು. ಪ್ರತಿ ಪ್ರಯೋಗಕ್ಕೂ ಒಂದು ಪುಟ. ಗುರುತ್ವ ವೇಗೋತ್ಕರ್ಷ ಎಷ್ಟು ಬರಬೇಕು, ಸ್ಪ್ರಿಂಗಿನ ಬಲ ಎಷ್ಟು ಬರಬೇಕು, ಎಲ್ಲ ಬರೆದಿತ್ತು.

"ದೇಖೋ ಸಿದ್ರಾಮ, ಸಾಮಾನು ಖರಾಬ್ ಇದ್ರ ನಡೀತದ. ಜವಾಬು ಖರಾಬ್ ಆದ್ರ ಮಾತ್ರ ನಡಿಯಂಗಿಲ್ಲ."

"ಸಾಮಾನು ಖರಾಬ್ ಇದ್ರ ಜವಾಬು ಸರಿ ಹೆಂಗ ಬರ್ತದ್ರಿ ಸಾಹೇಬ್ರ?"

"ಜವಾಬಿನಿಂದ ಹಿಂದಕ್ಕ ಬಾ. ಆಗ ಎಲ್ಲಾ ಸರಿ ಬರ್ತದ."

ಅವರು ಕೆಟ್ಟವರಲ್ಲ. ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿದ್ದರು.

ಮೊದಲ ವರ್ಷ ನಾನು ಮಾಡಿದ ಒಂದು ಘನಂದಾರಿ ಕೆಲಸ ಇನ್ನೂ ನೆನಪಿದೆ. ಬಲಗಳನ್ನು ಕೂಡಿಸಿ ನೋಡುವ ಒಂದು ಹಲಗೆ ಇತ್ತು. ಮೇಲೆ ಎರಡು ರಾಟೆ, ಅವುಗಳ ಮೇಲೆ ದಾರ, ದಾರದ ಎರಡು ತುದಿಗೆ ಎರಡು ತೂಕ, ನಡುವಿನ ಗಂಟಿಗೆ ಮೂರನೆಯ ತೂಕ. ಮೂರೂ ಎಳೆದಾಡಿ ಗಂಟು ಒಂದು ಜಾಗದಲ್ಲಿ ನಿಲ್ಲಬೇಕು. ರಾಟೆ ಕಿರುಗುಟ್ಟುತ್ತಿತ್ತು. ನಾನು ಮನೆಯಿಂದ ಕೊಬ್ಬರಿ ಎಣ್ಣೆ ತಂದು ಧಾರಾಳವಾಗಿ ಬಿಟ್ಟೆ. ಎರಡು ದಿನ ನುಣ್ಣಗೆ ತಿರುಗಿತು. ಆಮೇಲೆ ನಮ್ಮ ಊರಿನ ಕೆಂಪು ಧೂಳೆಲ್ಲ ಬಂದು ಅದರಲ್ಲಿ ಕೂತಿತು. ಚಳಿಗಾಲಕ್ಕೆ ಎಣ್ಣೆ ಹೆಪ್ಪುಗಟ್ಟಿತು. ಗಂಟನ್ನು ಎಲ್ಲಿಟ್ಟರೆ ಅಲ್ಲೇ ನಿಲ್ಲತೊಡಗಿತು, ಹೇಳಿದ ಮಾತು ಕೇಳುವ ಎಮ್ಮೆಯ ಹಾಗೆ.

ಆಗ ನಮ್ಮಲ್ಲಿದ್ದ ಲೆಕ್ಚರರ್ ನರಸಿಂಗರಾವ್ ಸಾರ್. ಗದ್ವಾಲದವರು. ತೆಲುಗಿನಲ್ಲಿ ಪಾಠ, ನನ್ನ ಜೊತೆ ಮುರುಕು ಕನ್ನಡ. ಇಲ್ಲಿ ಅವರ ಮಾತನ್ನೆಲ್ಲ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅವರು ಗಂಟನ್ನು ಬೆರಳಿನಿಂದ ಆಚೆ ಸರಿಸಿ ಬಿಟ್ಟರು, ಅಲ್ಲಿ ನಿಂತಿತು. ಈಚೆ ಸರಿಸಿ ಬಿಟ್ಟರು, ಇಲ್ಲಿ ನಿಂತಿತು. ಅವರು ಬೈಯಲಿಲ್ಲ. ಮಕ್ಕಳನ್ನು ಕರೆದು, "ನೋಡ್ರಿ, ಸಿದ್ರಾಮಪ್ಪ ನಮಗೆ ಘರ್ಷಣೆ ತೋರಿಸಾಕ ಒಳ್ಳೆ ಸಾಮಾನು ಮಾಡ್ಯಾನ" ಎಂದರು. ಗಂಟು ನಿಲ್ಲುವ ಆಚೆಯ ತುದಿ, ಈಚೆಯ ತುದಿ ಎರಡನ್ನೂ ಕಾಗದದ ಮೇಲೆ ಗುರುತು ಮಾಡಿಸಿದರು. ಈ ಎರಡರ ನಡುವೆ ಎಷ್ಟು ಜಾಗ ಇದೆಯೋ ಅಷ್ಟು ನಮಗೆ ಗೊತ್ತಿಲ್ಲದ್ದು, ಅದನ್ನು ಮುಚ್ಚಿಡಬಾರದು, ಬರೆಯಬೇಕು ಎಂದರು. ಆಮೇಲೆ ನನಗೆ ಸೀಮೆಎಣ್ಣೆ ಹಾಕಿ ತೊಳೆಯಲು ಹೇಳಿದರು.

ಚಲನೆಯ ಪಾಠವನ್ನು ಅವರು ಗೋಲಿಯಿಂದ ಶುರು ಮಾಡುತ್ತಿದ್ದರು. ಗೋಣಿಚೀಲದ ಮೇಲೆ ಉರುಳಿಸಿದರೆ ಒಂದು ಮೊಳ. ನೆಲದ ಮೇಲೆ ಉರುಳಿಸಿದರೆ ಗೋಡೆಯವರೆಗೆ. ಗಾಜಿನ ಮೇಲೆ ಇನ್ನೂ ದೂರ. "ತಳ್ಳಿದ ಕೈ ಬಿಟ್ಟ ಮೇಲೆ ಗೋಲಿ ಯಾಕ ನಿಲ್ತದ?" ಎಂದು ಮಕ್ಕಳನ್ನು ಕೇಳಿದರು. ನನ್ನ ಕಡೆ ತಿರುಗಿ, "ನೀ ಹೇಳಪ್ಪ" ಎಂದರು. ಲ್ಯಾಬಿನಲ್ಲಿ ನನ್ನನ್ನು ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ದಣಿತದ್ರಿ ಸಾರ್" ಎಂದೆ.

ಮಕ್ಕಳು ನಕ್ಕರು. ಸಾರ್ ನಗಲಿಲ್ಲ. "ದಣಿಯೋದಾದ್ರ ಗಾಜಿನ ಮ್ಯಾಲ ಕಡಿಮಿ ಯಾಕ ದಣಿತದ? ಅದೇ ಗೋಲಿ, ಅದೇ ಕೈ" ಎಂದರು. ನಾನು ಅಂದು ಮನೆಗೆ ಹೋಗುವಾಗಲೂ ಅದನ್ನೇ ಯೋಚಿಸಿದೆ. ಗೋಲಿ ತಾನಾಗಿ ನಿಲ್ಲುವುದಿಲ್ಲ, ಅದನ್ನು ಯಾವುದೋ ಹಿಡಿಯುತ್ತದೆ, ಹಿಡಿಯುವುದು ಇಲ್ಲದಿದ್ದರೆ ಹೋಗುತ್ತಲೇ ಇರುತ್ತದೆ ಎಂದು ತಿಳಿದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಯಿತು.

ಇನ್ನೊಂದು ಮಾತು ಅವರು ಹೇಳಿದ್ದರು, ಅದನ್ನು ನಾನು ಮರೆತೆ ಎಂದು ಹೇಳುವ ಹಾಗಿಲ್ಲ. "ಕೈ ತಪ್ಪಿದ್ರ ರೀಡಿಂಗು ಚದುರ್ತಾವು, ಒಂದು ಆ ಕಡಿ, ಒಂದು ಈ ಕಡಿ. ಸಾಮಾನು ತಪ್ಪಿದ್ರ ಎಲ್ಲಾ ಕೂಡಿ ಒಂದೇ ಕಡಿ ಹೋಗ್ತಾವು." ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅವರು ವರ್ಗವಾಗಿ ಹೋದರು. ಆಮೇಲೆ ಬಂದವರಿಗೆ ಲ್ಯಾಬು ಬೇಕಿರಲಿಲ್ಲ. ಪ್ರಯೋಗಗಳೆಲ್ಲ ಪರೀಕ್ಷೆಯ ಹತ್ತು ದಿನ ಮುಂಚೆ ಎಂದಾಯಿತು. ಹತ್ತು ದಿನದಲ್ಲಿ ಯಾವ ಮಗು ಏನು ಅಳೆಯುತ್ತದೆ? ಖಾಜಾ ಸಾಹೇಬರ ನೋಟುಬುಕ್ಕು ಹೊರಗೆ ಬಂತು. ನಾನು ಅದಕ್ಕಿಂತ ಮುಂದೆ ಹೋದೆ. ಅವರದು ಬರೀ ಉತ್ತರ. ನಾನು ಉತ್ತರದಿಂದ ಹಿಂದಕ್ಕೆ ಬಂದು, ಲೋಲಕದ ಉದ್ದ ಇಷ್ಟಾದರೆ ಇಪ್ಪತ್ತು ತೂಗಿಗೆ ಸಮಯ ಇಷ್ಟು ಎಂದು ಲೆಕ್ಕ ಹಾಕಿ, ಅದರಲ್ಲಿ ಒಂದೆರಡು ಕಡೆ ಚೂರು ಹೆಚ್ಚು, ಚೂರು ಕಡಿಮೆ ಮಾಡಿ ಚೀಟಿ ಬರೆಯುತ್ತಿದ್ದೆ. ಪೂರ್ತಿ ಸರಿ ಇದ್ದರೆ ಪರೀಕ್ಷಕರಿಗೆ ಅನುಮಾನ ಬರುತ್ತದಲ್ಲ. ಹತ್ತನೆಯ ತರಗತಿ ಓದಿದವನು ಇಷ್ಟು ಲೆಕ್ಕ ಮಾಡುತ್ತೇನೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಹೆಮ್ಮೆಯೊಂದೇ ಅಲ್ಲ. ಆ ಹತ್ತು ದಿನ ನನ್ನ ಸ್ಟೂಲಿನ ಸುತ್ತ ಮಕ್ಕಳು ಮುತ್ತುತ್ತಿದ್ದರು. "ಕಾಕಾ, ಇವತ್ತು ನನಗ ಸ್ಪ್ರಿಂಗ್ ಬಂದೈತಿ, ಚೀಟಿ ಕೊಡ್ರಿ." "ಕಾಕಾ, ನಿಮ್ಮ ಅಕ್ಷರ ಇರಿವಿ ಹರದಂಗ ಐತಿ, ಓದಿ ಹೇಳ್ರಿ." "ತಾಳ್ರಲೇ, ನಾ ಒಬ್ಬಾಂವ ಇದ್ದೀನಿ, ನಾಲ್ಕು ಕೈ ಇಲ್ಲ" ಎಂದು ನಾನು ಗದರಿಸುತ್ತಿದ್ದೆ. ಗದರಿಸಲು ಸಹ ಯಾರಾದರೂ ಬೇಕಲ್ಲ. ವರ್ಷವಿಡೀ ನನ್ನ ಹೆಸರು ತಿಳಿಯದವರು ಆ ಹತ್ತು ದಿನ ನನ್ನನ್ನು ಕಾಕಾ ಎನ್ನುತ್ತಿದ್ದರು. ಚೀಟಿ ಕೊಡುವುದು ತಪ್ಪೆಂದು ಗೊತ್ತಿತ್ತು. ಕೊಡದಿದ್ದರೆ ಅವರು ಬರುವುದಿಲ್ಲ ಎಂದೂ ಗೊತ್ತಿತ್ತು.

ನಮ್ಮಲ್ಲಿ ಆರು ಸ್ಟಾಪ್‌ವಾಚುಗಳಿದ್ದವು, ಕೀಲಿ ಕೊಡುವಂಥವು. ಒಂದು ಬೆಳಿಗ್ಗೆ ಒದ್ದೆ ಕೈಯಲ್ಲಿ ಕೀಲಿ ಕೊಡುವಾಗ ಮೂರನೇ ನಂಬರಿನದು ಜಾರಿ ಶಹಾಬಾದಿ ಕಲ್ಲಿನ ನೆಲದ ಮೇಲೆ ಬಿತ್ತು. ಅದೇ ವರ್ಷ ಒಂದು ಗಾಜಿನ ಕೊಳವೆ ಒಡೆದು ನನಗೆ ಮೆಮೊ ಬಂದಿತ್ತು. ಇನ್ನೊಂದು ಒಡೆದರೆ ಮೇಲಕ್ಕೆ ಬರೆಯುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಯಾರಿಗೂ ಹೇಳದೆ ಗದ್ವಾಲಕ್ಕೆ ಒಯ್ದು ಗಡಿಯಾರ ರಿಪೇರಿ ಮಾಡುವವರಿಗೆ ಕೊಟ್ಟೆ. ಅವರು ಒಂದು ವಾರ ಇಟ್ಟುಕೊಂಡು ಕೊಟ್ಟರು.

"ನಡೀತೈತೇನ್ರಿ?"

"ನಡೀತೈತಿ. ಸರಿ ನಡೀತೈತಿ ಅಂತ ನಾ ಎಲ್ಲಿ ಅಂದೆ?"

ಲ್ಯಾಬಿಗೆ ತಂದು ಉಳಿದವುಗಳ ಜೊತೆ ಕೂಡಿಸಿ ಓಡಿಸಿದೆ. ನಲವತ್ತು ಸೆಕೆಂಡಿಗೆ ಒಂದು ಸೆಕೆಂಡು ಹಿಂದೆ ಬೀಳುತ್ತಿತ್ತು. ಐದಾರು ಸಲ ನೋಡಿದೆ. ಪ್ರತಿ ಸಲವೂ ಅಷ್ಟೇ. ಹೇಗಿದ್ದರೂ ಯಾರೂ ಅಳೆಯುವುದಿಲ್ಲ, ಚೀಟಿ ನೋಡಿ ಬರೆಯುತ್ತಾರೆ ಎಂದುಕೊಂಡು ಬೀರುವಿನಲ್ಲಿ ಇಟ್ಟೆ.

ಮರುವರ್ಷ ಅನ್ನಪೂರ್ಣ ಬಂದಳು. ಕೃಷ್ಣಾ ದಂಡೆಯ ಹಳ್ಳಿಯಿಂದ ಬಂದವಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಲ್ಲಿ ಎಲ್ಲ ತೆಲುಗು, ಇಂಗ್ಲಿಷು. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಾನು ಕನ್ನಡದವನೆಂದು ತಿಳಿದು ಮಧ್ಯಾಹ್ನ ಬುತ್ತಿ ಉಂಡ ಮೇಲೆ ಲ್ಯಾಬಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಕಾಕಾ, ಇದನ್ನ ಮುಟ್ಟಬೋದೇನ್ರಿ?"

"ಮುಟ್ಟು. ಕೆಡವಬ್ಯಾಡ."

"ನೀವು ಕೆಡವಿಲ್ಲೇನ್ರಿ ಎಂದೂ?"

ಆ ಮಾತಿಗೆ ನಾನು ಬೆಚ್ಚಿಬಿದ್ದೆ. ಅವಳು ತಮಾಷೆಗೆ ಅಂದದ್ದು. ಗಂಟೆಗಟ್ಟಲೆ ಲೋಲಕ ತೂಗಿಬಿಟ್ಟು ಎಣಿಸುತ್ತಿದ್ದಳು. ಅವರ ಊರಿನ ಶಾಲೆಯಲ್ಲಿ ಎರಡು ವರ್ಷ ವಿಜ್ಞಾನದ ಮಾಸ್ತರರೇ ಇರಲಿಲ್ಲವಂತೆ, ತಾನು ಓದಿ ಅಲ್ಲಿಗೇ ವಿಜ್ಞಾನದ ಟೀಚರ್ ಆಗಿ ಹೋಗುತ್ತೇನೆ ಎನ್ನುತ್ತಿದ್ದಳು. ನಾನು ಆಗ ಅವಳಿಗೆ ಒಳ್ಳೆಯ ಗಡಿಯಾರಗಳನ್ನೇ ಕೊಡುತ್ತಿದ್ದೆ. ಅವಳು ಬಂದು ಹೋದ ಮಧ್ಯಾಹ್ನಗಳು ನನ್ನ ನೌಕರಿಯಲ್ಲಿ ಒಳ್ಳೆಯವು.

ಎರಡನೆಯ ವರ್ಷ ಪರೀಕ್ಷೆ ಹತ್ತಿರ ಬಂದಾಗ ಅವಳಿಗೂ ಚೀಟಿ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು.

"ಇದನ್ನ ಯಾರು ಅಳದದ್ದು ಕಾಕಾ?"

"ಯಾರೂ ಅಳದಿಲ್ಲ. ಬರೋ ಜವಾಬು ಅದು."

"ಅಳೀದ ಹೆಂಗ ಬಂತು?"

"ಬಂತವ್ವ. ಖಾಜಾ ಸಾಹೇಬ್ರ ಕಾಲದಿಂದ ಹಿಂಗೇ ಬರ್ತೈತಿ."

"ಹಂಗಾರ ಪರೀಕ್ಷಾದಾಗ ಲೋಲಕ ಯಾಕ ಕಟ್ಟತೀರಿ? ಚೀಟಿನೇ ತೂಗಿಬಿಡ್ರಿ."

ಅಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ಚೀಟಿ ನನ್ನ ಮೇಜಿನ ಮೇಲೇ ಇಟ್ಟು ಹೋದಳು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಸಮಾಧಾನದ ಮನುಷ್ಯ. ಮಕ್ಕಳು ಮಡಚಿಟ್ಟ ಕಾಗದ ಎತ್ತಿ, ಅದರಲ್ಲಿ ಬಂದ ಪ್ರಯೋಗ ಮಾಡಬೇಕು. ಅನ್ನಪೂರ್ಣಳಿಗೆ ಲೋಲಕ ಬಂತು. ಜಾಗ ಮೂರನೆಯ ಮೇಜು. ಸಾಮಾನು ನಾನೇ ಜೋಡಿಸಿದ್ದು, ಮೂರನೆಯ ಮೇಜಿನ ಮೇಲೆ ಮೂರನೇ ನಂಬರಿನ ಗಡಿಯಾರ. ಅವಳು ಅಲ್ಲಿ ಕೂರುವುದನ್ನು ನೋಡಿದೆ. ಬದಲಾಯಿಸಬಹುದಿತ್ತು. ಬದಲಾಯಿಸಿದರೆ ಯಾಕೆ ಎಂದು ಕೇಳುತ್ತಾರೆ. ಇವಳೂ ಕೊನೆಗೆ ಚೀಟಿಯ ಲೆಕ್ಕವೇ ಬರೆದಾಳು ಎಂದು ಸುಮ್ಮನಾದೆ.

ಅವಳು ಅಳೆದಳು. ಐದು ಉದ್ದಗಳಿಗೆ ಅಳೆದಳು. ಉತ್ತರ ಪುಸ್ತಕದಲ್ಲಿರುವ ಒಂಬೈನೂರ ಎಪ್ಪತ್ತೆಂಟರ ಹತ್ತಿರ ಬರಬೇಕು. ಅವಳದು ಸಾವಿರದ ಮೂವತ್ತರ ಹತ್ತಿರ ಬಂತು. ಗಡಿಯಾರ ನಿಧಾನವಾದರೆ ಸಮಯ ಕಡಿಮೆ ತೋರಿಸುತ್ತದೆ, ಭೂಮಿಯ ಎಳೆತ ಹೆಚ್ಚಾದ ಹಾಗೆ ಉತ್ತರ ಬರುತ್ತದೆ. ಪರೀಕ್ಷಕರು ನೋಡಿ, "ಅಮ್ಮಾ, ಇದಿ ಏ ಲೋಕಂ?" ಎಂದು ನಕ್ಕರು, ಯಾವ ಲೋಕದಲ್ಲಿ ನಿಂತು ಅಳೆದೆ ಎಂದು. ಮತ್ತೊಮ್ಮೆ ಮಾಡಲು ಹೇಳಿದರು. ಮಾಡಿದಳು. ಮತ್ತೆ ಅಷ್ಟೇ ಬಂತು. ಅವರ ನಗು ಹೋಯಿತು. ನನ್ನನ್ನು ಕರೆದು, ಗಡಿಯಾರ ಸರಿಯಾಗಿ ನಡೆಯುತ್ತದೆಯೇ ಎಂದು ತೆಲುಗಿನಲ್ಲಿ ಕೇಳಿದರು.

"ನಡುಸ್ತುಂದಿ ಸಾರ್" ಎಂದೆ. ನಡೆಯುತ್ತದೆ ಎಂದು.

ಅವರು ಅವಳನ್ನು ಕೇಳಿದರು. ಅವಳಿಗೆ ತೆಲುಗಿನಲ್ಲಿ ಮಾತು ಬರಲಿಲ್ಲ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. "ಕಾಕಾ, ಸಾರಿಗೆ ಹೇಳ್ರಿ. ಗಡಿಯಾರ ಹಿಂದ ಬೀಳ್ತೈತಿ. ಗ್ವಾಡಿ ಗಡಿಯಾರಕ್ಕ ಕೂಡಿಸಿ ಎರಡು ಸಲ ನೋಡೀನಿ. ನನ್ನ ಐದೂ ರೀಡಿಂಗು ಒಂದಕ್ಕೊಂದು ಕೂಡ್ತಾವು, ಕೈ ತಪ್ಪಿಲ್ಲರಿ."

ಐದೂ ಕೂಡಿ ಒಂದೇ ಕಡೆ ಹೋಗಿದ್ದವು. ನರಸಿಂಗರಾವ್ ಸಾರ್ ಹೇಳಿದ್ದು ಅದೇ. ಆ ಕೋಣೆಯಲ್ಲಿ ಅವಳು ಸರಿ ಎಂದು ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ.

"ಏಮಂಟುಂದಿ?" ಏನು ಹೇಳುತ್ತಾಳೆ ಎಂದು ಪರೀಕ್ಷಕರು ನನ್ನನ್ನು ಕೇಳಿದರು. ನಿಜವಾಗಿ ತಿಳಿದುಕೊಳ್ಳಲು ಕೇಳಿದರು. ಅವರು ಕೇಳುವ ಮನಸ್ಸಿನಲ್ಲಿದ್ದರು.

"ಭಯಪಡ್ಡದಂಟ ಸಾರ್. ಲೆಕ್ಕ ತಪ್ಪಿಂದಂಟ."

ಹೆದರಿದಳಂತೆ, ಎಣಿಕೆ ತಪ್ಪಿತಂತೆ. ಹೀಗೆ ಹೇಳಿದೆ. ಒಂದು ಉಸಿರಿನ ಮಾತು.

ಪರೀಕ್ಷಕರು ಅವಳ ಕಾಗದವನ್ನು ಮತ್ತೆ ನೋಡಿದರು. ಎಣಿಕೆ ತಪ್ಪಿದ್ದರೆ ಎರಡು ಸಲವೂ ಒಂದೇ ಹೇಗೆ ಬಂತು, ಇವಳು ಅಳೆದೇ ಇಲ್ಲ, ಎಲ್ಲ ಮನಸ್ಸಿಗೆ ಬಂದ ಹಾಗೆ ಬರೆದುಕೊಂಡಿದ್ದಾಳೆ ಎಂದರು. ಆ ದಿನ ಆ ಲ್ಯಾಬಿನಲ್ಲಿ ಅಳೆದವಳು ಅವಳೊಬ್ಬಳೇ. ಉಳಿದವರೆಲ್ಲ ನನ್ನ ಚೀಟಿ ಬರೆದು ಹೋದರು, ಅವರಿಗೆಲ್ಲ ಒಳ್ಳೆಯ ಅಂಕ. ಅನ್ನಪೂರ್ಣ ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದಳು. ಸಾರ್ ಏನು ಅಂದರು ಎಂದು ತಿಳಿಯದೆ ನಿಂತಿದ್ದಾಳೆ ಎಂದುಕೊಂಡು, "ನಡಿ, ಆತು, ಹೊರಗ ನಡಿ" ಎಂದೆ.

ಅವಳು ಪ್ರಾಕ್ಟಿಕಲ್ಸಿನಲ್ಲಿ ಫೇಲಾದಳು. ಕಾಲೇಜಿನಲ್ಲಿ ಥಿಯರಿಯಲ್ಲಿ ಫೇಲಾಗುವವರು ಇದ್ದರು, ಪ್ರಾಕ್ಟಿಕಲ್ಸಿನಲ್ಲಿ ಫೇಲಾದವರು ಯಾರೂ ಇರಲಿಲ್ಲ. ಅವಳಪ್ಪ ಬಂದು ಟಿ.ಸಿ. ತೆಗೆದುಕೊಂಡು ಹೋಗುವಾಗ ನನ್ನ ಹತ್ತಿರ ಬಂದು, "ನೀವಾದ್ರೂ ಒಂದು ಮಾತು ಹೇಳಬೇಕಿತ್ತಲ್ಲರಿ, ಕಾಕಾ ಕಾಕಾ ಅಂತಿದ್ಲು" ಎಂದರು. ಸಹಾಯ ಮಾಡಲಿಲ್ಲ ಎಂಬ ಬೇಸರ ಅವರದು. ಅಷ್ಟೇ ಎಂದು ಅವರು ತಿಳಿದಿದ್ದರು.

ಆಮೇಲೆ ಮಧ್ಯಾಹ್ನ ಬಾಗಿಲಿಗೆ ಯಾರೂ ಬರಲಿಲ್ಲ. ಕೆಲವು ವರ್ಷಕ್ಕೆ ಅಂಕಿ ತೋರಿಸುವ ಹೊಸ ಗಡಿಯಾರಗಳು ಬಂದವು, ಆಮೇಲೆ ಮಕ್ಕಳ ಕೈಗೆ ಫೋನು ಬಂತು. ಹಳೆಯವನ್ನೆಲ್ಲ ಕೆಟ್ಟವೆಂದು ಪಟ್ಟಿ ಮಾಡಿ ಒಯ್ದರು. ನಾನು ಹಾರ ಹಾಕಿಸಿಕೊಂಡು ನಿವೃತ್ತನಾದೆ.

ನಾರ್ವದ ಮಗಳಿಗೆ ಬರೆಯುತ್ತಿದ್ದ ಕಾಗದ ಮೂರನೆಯ ಪುಟಕ್ಕೆ ನಿಂತ ಮೇಲೆ ಬಹಳ ದಿನ ಹಾಗೇ ಬಿದ್ದಿತ್ತು. ಒಂದು ದಿನ ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ ಅನ್ನಪೂರ್ಣಳ ಜೊತೆ ಓದಿದ ಒಬ್ಬ ಸಿಕ್ಕ. ಮಾತಿನ ನಡುವೆ, "ಅನ್ನಪೂರ್ಣ ರಾಜೋಳಿ ಕಡಿ ನರ್ಸಮ್ಮ ಆಗ್ಯಾಳಲ್ಲರಿ, ಪರೀಕ್ಷಾ ಮತ್ತ ಕಟ್ಟಿ ಪಾಸ್ ಮಾಡಿದ್ಲು" ಎಂದ. ಮರುವಾರ ರಾಜೋಳಿಯ ಬಸ್ಸು ಹತ್ತಿದೆ.

ಹಳ್ಳಿಯ ಆರೋಗ್ಯ ಉಪಕೇಂದ್ರ. ಒಂದು ಕೋಣೆ, ಹೊರಗೆ ಬೆಂಚು, ಬೆಂಚಿನ ತುಂಬ ಕೂಸು ಎತ್ತಿಕೊಂಡ ತಾಯಂದಿರು. ಬೆಳಗಿನ ಹನ್ನೊಂದು ಗಂಟೆ ಇರಬಹುದು. ಅವಳು ನನ್ನನ್ನು ನೋಡಿದ ಕೂಡಲೇ ಗುರುತಿಸಿದಳು. "ಸಿದ್ರಾಮ ಕಾಕಾ. ಕೂಡ್ರಿ. ನೀರು ಕುಡೀತೀರೇನು?" ಅಂದಳು. ತಲೆಯಲ್ಲಿ ಒಂದೆರಡು ಬಿಳಿ ಕೂದಲು.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹೋದವು. ಒಂದೇ ಸಮನೆ ಹೇಳಿದೆ. ಗಡಿಯಾರ ನಾನು ಕೆಡವಿದ್ದು, ಅದು ಹಿಂದೆ ಬೀಳುವುದು ನನಗೆ ಗೊತ್ತಿದ್ದದ್ದು, ಅವಳು ಹೇಳಿದ್ದನ್ನು ನಾನು ಸಾರಿಗೆ ಹೇಳದೆ ಬೇರೆ ಹೇಳಿದ್ದು. "ಏನು ಹೇಳಿದೆ ಅಂತ ನಿನಗ ಗೊತ್ತಾಗಿರಲಿಕ್ಕಿಲ್ಲ ತಾಯಿ, ಅದನ್ನ ಹೇಳಾಕ ಬಂದೀನಿ" ಎಂದೆ.

ಅವಳು ಸಿರಿಂಜಿನ ಡಬ್ಬಿ ಮುಚ್ಚಿ ಇಟ್ಟಳು.

"ಭಯಪಡ್ಡದಂಟ ಅಂದ್ರಿ. ಲೆಕ್ಕ ತಪ್ಪಿಂದಂಟ ಅಂದ್ರಿ" ಎಂದಳು. "ನನಗ ತೆಲುಗು ಮಾತಾಡಾಕ ಬರ್ತಿರಲಿಲ್ಲ ಕಾಕಾ. ಕೇಳಿದ್ರ ತಿಳೀತಿತ್ತು."

ಇಪ್ಪತ್ತು ವರ್ಷ ನಾನು ಅವಳಿಗೆ ತಿಳಿಯಲಿಲ್ಲ ಎಂಬ ಒಂದೇ ಸಮಾಧಾನ ಇಟ್ಟುಕೊಂಡಿದ್ದೆ.

"ಮತ್ತ ಯಾಕ ಸುಮ್ನಿದ್ದಿ?"

"ನೀವು ತಿದ್ದಿ ಹೇಳ್ತೀರಿ ಅಂತ ನಿಂತಿದ್ದೆ. ನೀವು ಹೊರಗ ನಡಿ ಅಂದ್ರಿ."

ನಾನು ಕೈ ಮುಗಿದೆ. ಅವಳು ಅದನ್ನು ನೋಡಿಯೂ ನೋಡದ ಹಾಗೆ ರಿಜಿಸ್ಟರು ತೆರೆದಳು. ಪುಟ ತಿರುವುತ್ತ ಕೇಳಿದಳು. "ಆ ಗಡಿಯಾರ ಆಮ್ಯಾಲ ಏನು ಮಾಡಿದ್ರಿ?"

"ಅಲ್ಲೇ ಇತ್ತು. ಏಳು ವರ್ಷ ನಡೀತು."

"ಮಕ್ಕಳ ಕೈಯಾಗ ಕೊಡತಿದ್ರಿ?"

"ಕೊಡತಿದ್ದೆ. ಅವರು ಚೀಟಿ ನೋಡಿ ಬರೀತಿದ್ರು."

"ಏಳು ವರ್ಷದ ಮಕ್ಕಳು" ಎಂದಳು. "ನೀವು ನನ್ನ ಹತ್ರ ಅಷ್ಟೇ ಬಂದ್ರಿ."

ಅವಳು ಬೈದಿದ್ದರೆ ಹಗುರಾಗುತ್ತಿತ್ತೇನೋ. ನನ್ನ ಪಶ್ಚಾತ್ತಾಪ ಒಬ್ಬಳ ಲೆಕ್ಕದ್ದು. ಉಳಿದವರ ಮುಖವೂ ನನಗೆ ನೆನಪಿಲ್ಲ. ಅವರು ಏನನ್ನೂ ತಾವೇ ನೋಡದ ಹಾಗೆ ಮಾಡಿ ಕಳಿಸಿದೆ, ಅದಕ್ಕೆ ಅವರು ನನಗೆ ಕಾಕಾ ಎಂದು ಕೈ ಮುಗಿದು ಹೋದರು.

ಅವಳು ಮುಂದಿನ ತಾಯಿಯನ್ನು ಕರೆದಳು. ರಾಯಚೂರು ಕಡೆಯಿಂದ ಹತ್ತಿಬೀಜದ ಹೊಲಕ್ಕೆ ಕೂಲಿಗೆ ಬಂದ ಹುಡುಗಿ, ಕೈಯಲ್ಲಿ ಏಳೆಂಟು ತಿಂಗಳ ಕೂಸು. ಅನ್ನಪೂರ್ಣ ಕೂಸಿನ ಅಂಗಿ ಎತ್ತಿ, ಎಲ್ಲರಿಗೂ ಸುಮ್ಮನಿರಲು ಕೈ ಮಾಡಿ, ಗಡಿಯಾರ ನೋಡುತ್ತ ಉಸಿರು ಎಣಿಸಿದಳು. ಪೂರ್ತಿ ಒಂದು ನಿಮಿಷ. ಬೆಂಚಿನ ಮೇಲಿದ್ದ ನಾವೆಲ್ಲ ಆ ಸಣ್ಣ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದೆವು. ಮತ್ತೊಂದು ನಿಮಿಷ ಎಣಿಸಿದಳು. "ಅರವತ್ತೆರಡು. ಉಸುರು ಜಾಸ್ತಿ ಐತವ್ವ. ಈಗಿಂದೀಗ ಗದ್ವಾಲ ದವಾಖಾನಿಗೆ ಹೋಗಬೇಕು."

"ಅಕ್ಕಾ, ಸ್ವಲ್ಪ ಕಡಿಮಿ ಬರಕೋರಿ. ಇಲ್ಲೇ ಔಷಧ ಕೊಡ್ರಿ. ಗದ್ವಾಲಕ್ಕ ಹೋದ್ರ ಮೇಸ್ತ್ರಿ ಬ್ಯಾರೆಯವರನ್ನ ಇಟ್ಟುಕೋತಾನ."

"ನಾ ಕಡಿಮಿ ಬರದ್ರ ಕೂಸಿನ ಉಸುರು ಕಡಿಮಿ ಆಗಂಗಿಲ್ಲ."

ಚೀಟಿ ಬರೆದು ಕೊಟ್ಟು, ನನ್ನ ಕಡೆ ತಿರುಗಿದಳು. "ಕಾಕಾ, ನೀವು ಗದ್ವಾಲದ ಮ್ಯಾಲೇ ಹೋಗ್ತೀರಿ. ಇವಳ ಜೋಡಿ ಹೋಗ್ರಿ. ಇವಳಿಗೆ ತೆಲುಗು ಬರಂಗಿಲ್ಲ. ಡಾಕ್ಟರ್ ಕೇಳಿದ್ದಕ್ಕ ಇವಳು ಏನು ಹೇಳ್ತಾಳ, ಅದನ್ನ ಹೇಳ್ರಿ." ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಹೇಳಿದ್ದು ಇಷ್ಟೇ.

ಬಸ್ಸಿನಲ್ಲಿ ಆ ಹುಡುಗಿ ಕೂಸಿಗೆ ಸೆರಗಿನಿಂದ ಗಾಳಿ ಹಾಕುತ್ತ, ಜ್ವರ ಬಂದು ನಾಲ್ಕು ದಿನವಾಯಿತು, ಹೊಲದ ಕೆಲಸ ಬಿಟ್ಟು ಬರಲಾಗಲಿಲ್ಲ ಎಂದಳು. ದವಾಖಾನೆಯಲ್ಲಿ ಡಾಕ್ಟರಮ್ಮ ಚೀಟಿ ನೋಡಿ ಕೂಸಿನ ಎದೆಗೆ ಸ್ಟೆತೊಸ್ಕೋಪು ಇಟ್ಟು, ಎಷ್ಟು ದಿನದಿಂದ ಹೀಗಿದೆ ಎಂದು ತೆಲುಗಿನಲ್ಲಿ ಕೇಳಿದರು. ನಾನು ಹುಡುಗಿಗೆ ಕನ್ನಡದಲ್ಲಿ ಕೇಳಿದೆ. ಅವಳು ನನ್ನ ತೋಳು ಹಿಡಿದು ಮೆಲ್ಲಗೆ, "ನಿನ್ನಿಯಿಂದ ಅಂತ ಹೇಳ್ರಿ ಅಜ್ಜ. ಬೈತಾರ" ಎಂದಳು.

"ಬೈಗುಳ ನನಗ ಬರಲಿ ತಂಗಿ" ಎಂದೆ. ಡಾಕ್ಟರಮ್ಮನ ಕಡೆ ತಿರುಗಿ ಹೇಳಿದೆ. "ನಾಲುಗು ರೋಜುಲಂಟ ಮೇಡಂ. ನಿನ್ನಟಿ ನುಂಚಿ ಅನಿ ಚೆಪ್ಪಮಂಟುಂದಿ, ಭಯಪಡಿ." ನಾಲ್ಕು ದಿನವಂತೆ, ಹೆದರಿ ನಿನ್ನೆಯಿಂದ ಎಂದು ಹೇಳಲು ಹೇಳುತ್ತಿದ್ದಾಳೆ ಎಂದು.

ಹುಡುಗಿ ನನ್ನ ತೋಳು ಬಿಟ್ಟಳು. ಡಾಕ್ಟರಮ್ಮ ಸಿಸ್ಟರನ್ನು ಕೂಗಿ ಕೂಸನ್ನು ಒಳಗೆ ಕಳಿಸಿದರು.

ಆಮೇಲೆ ನನ್ನನ್ನು ಕೂಸಿನ ಅಜ್ಜನೆಂದು ತಿಳಿದು ನನ್ನ ಮೇಲೆ ಹರಿಹಾಯ್ದರು. ಇಷ್ಟು ದಿನ ಏನು ಮಾಡುತ್ತಿದ್ದೆ, ಕಣ್ಣಿಗೆ ಕಾಣುತ್ತಿರಲಿಲ್ಲವೇ, ಗೊತ್ತಿದ್ದೂ ಸುಮ್ಮನೆ ಕೂತಿದ್ದೆಯಾ ತಾತಾ ಎಂದು ಬಾಗಿಲಲ್ಲಿ ನಿಂತವರೆಲ್ಲ ಕೇಳುವ ಹಾಗೆ ಕೇಳಿದರು.

ನಾನು ಅಜ್ಜ ಅಲ್ಲ ಎಂದು ಹೇಳಲಿಲ್ಲ. ಅವರು ಮುಗಿಸುವವರೆಗೆ ನಿಂತು ಕೇಳಿದೆ.